ಕಪ್ಪು ಬಿರಡೆ

ಮೊಟ್ಟೆಯೊಡೆದ ಒಂಬತ್ತನೆಯ ದಿನ ಬೆಳಿಗ್ಗೆ ಮರಿಗಳಿಗೆ ಮೊದಲ ತುತ್ತು. ಸ್ಟರ್ಜನ್ ಮೀನಿನ ಆ ಮರಿಕೇಂದ್ರದಲ್ಲಿ ಇದು ತೊಟ್ಟಿಯಕ್ಕ ಹಾಕಿದ ಕಟ್ಟಳೆ, ಅದನ್ನು ಮೀರಿದವರಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಮರಿತೊಟ್ಟಿಗಳ ಉಸ್ತುವಾರಿ ಆಕೆಯದು. ಮ್ಯಾನೇಜರುಗಳು ಬಂದರು, ಹೋದರು. ತೊಟ್ಟಿಯಕ್ಕ ಮಾತ್ರ ರಬ್ಬರ್ ಬೂಟು ಮೆಟ್ಟಿ, ತೋಳು ಮೇಲಕ್ಕೆ ಮಡಚಿಕೊಂಡು ಅಲ್ಲೇ ಇದ್ದರು.

ಕೇಂದ್ರಕ್ಕೆಲ್ಲ ತೊಟ್ಟಿಯಕ್ಕನಾದ ಆಕೆ ಒಬ್ಬಳಿಗೆ ಮಾತ್ರ ಅತ್ತಿಗೆ. ಆ ಒಬ್ಬಳು ಅದೇ ಕಟ್ಟಡದ ಇನ್ನೊಂದು ತುದಿಯ ಕೋಣೆಯಲ್ಲಿ ಕೂತು, ಮರಿಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳಗೆ ಚಕ್ಕೆ ಚಕ್ಕೆಯಾಗಿ ಕೊಯ್ಯುವವಳು. ಕೊಯ್ದದ್ದನ್ನು ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು, ಒಳಗೆ ಏನು ಕಂಡಿತು ಎಂದು ಬರೆದಿಡುವುದು ಅವಳ ಕೆಲಸ. ಹಾಗಾಗಿ ಅವಳಿಗೆ ಚಕ್ಕೆಯಮ್ಮ ಎಂಬ ಹೆಸರು ಬಿದ್ದು ಹನ್ನೊಂದು ವರ್ಷವಾಗಿತ್ತು. ತೊಟ್ಟಿಯಕ್ಕನ ತಮ್ಮನನ್ನು ಮದುವೆಯಾದ ಮೇಲೆಯೇ ಅವಳಿಗೆ ಈ ಕೆಲಸ ಸಿಕ್ಕಿದ್ದು, ಅದೂ ಅತ್ತಿಗೆ ಹೇಳಿ ಕೊಡಿಸಿದ್ದರಿಂದ. ಮನೆಯೂ ಒಂದೇ. ಕೆಳಗೆ ಗಂಡ ಹೆಂಡತಿ, ಮಹಡಿಯಲ್ಲಿ ಅತ್ತಿಗೆ. ಬೆಳಗಿನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು. ಕಿಟಕಿಯ ಪಕ್ಕ ಅತ್ತಿಗೆ, ಈಚೆಗೆ ಅವಳು.

ಮೂರು ವರ್ಷದಿಂದ ಮರಿಗಳು ಉಳಿಯುತ್ತಿರಲಿಲ್ಲ. ಮೊಟ್ಟೆ ಚೆನ್ನಾಗಿಯೇ ಒಡೆಯುತ್ತಿದ್ದವು. ಒಂಬತ್ತನೆಯ ದಿನ ಅತ್ತಿಗೆ ಉಪ್ಪುನೀರಿನ ಸೀಗಡಿಯ ಪುಟ್ಟ ಮರಿಗಳನ್ನು, ಬರಿಗಣ್ಣಿಗೆ ಕೆಂಪು ದೂಳಿನಂತೆ ಕಾಣುವ ಜೀವಂತ ಮೇವನ್ನು, ತಮ್ಮ ಕೈಯಾರೆ ನೀರಿಗೆ ಬಿಡುತ್ತಿದ್ದರು. ಹನ್ನೆರಡನೆಯ ದಿನಕ್ಕೆ ತೊಟ್ಟಿಯ ತಳದಲ್ಲಿ ಬಿಳಿ ಬೂಸ್ಟು. ಹದಿನಾರಕ್ಕೆ ಎಲ್ಲ ಮುಗಿದಿರುತ್ತಿತ್ತು. ಮೇವಿನ ಕಂಪನಿ ಬದಲಾಯಿಸಿದರು, ತೊಟ್ಟಿಗೆ ಹೊಸ ಬಣ್ಣ ಬಳಿಸಿದರು, ದೀಪ ಕಡಿಮೆ ಮಾಡಿದರು. ಏನೂ ದಕ್ಕಲಿಲ್ಲ. ಒಂದು ತಾಯಿಮೀನು ಮೊಟ್ಟೆ ಕೊಟ್ಟರೆ ಮತ್ತೆ ಕೊಡುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಕೇಂದ್ರದಲ್ಲಿದ್ದ ತಾಯಿಗಳಲ್ಲಿ ಈ ವರ್ಷಕ್ಕೆ ತಯಾರಾಗಿದ್ದದ್ದು ಒಂದೇ ಒಂದು. ಮ್ಯಾನೇಜರು ಎಲ್ಲರನ್ನೂ ಕರೆದು ಕಡ್ಡಿ ಮುರಿದಂತೆ ಹೇಳಿಬಿಟ್ಟರು:

“ಈ ಸಲವೂ ಹೀಗೇ ಆದ್ರೆ ಮರಿಕೋಣೆ ಮುಚ್ತೀವಿ. ಬೆಳೆದ ಮರಿಗಳನ್ನ ಬೇರೆ ಕಡೆಯಿಂದ ತರಿಸಿಕೊಳ್ಳೋದು.”

ಅವತ್ತು ಸಂಜೆ ಅತ್ತಿಗೆ ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯಾಚೆ ನೋಡುತ್ತ ಕೂತರು. ಇಳಿಯುವಾಗ ಒಂದೇ ಮಾತು: “ನನ್ನ ಕೈಯಲ್ಲೇ ಏನೋ ದೋಷ ಇರಬೇಕು ಕಣೇ.”

ಆ ಮಾತು ಚಕ್ಕೆಯಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮರುದಿನ ಅವಳು ಬೀರುವಿನ ಮೇಲಿನ ಹಳೆಯ ಪೆಟ್ಟಿಗೆಗಳನ್ನೆಲ್ಲ ಇಳಿಸಿದಳು. ಮರಿಗಳು ಚೆನ್ನಾಗಿ ಉಳಿಯುತ್ತಿದ್ದ ಕಾಲದಲ್ಲಿ ತಾನೇ ಕೊಯ್ದಿಟ್ಟ ಗಾಜಿನ ಪಟ್ಟಿಗಳು ಅವು. ಬಣ್ಣ ಸ್ವಲ್ಪ ಮಾಸಿದ್ದರೂ ಕಾಣುವಂತಿದ್ದವು. ಒಂಬತ್ತನೆಯ ದಿನದ ಹಳೆಯ ಮರಿಯೊಂದನ್ನೂ ಹೋದ ವರ್ಷ ಸತ್ತ ತಂಡದ ಒಂಬತ್ತನೆಯ ದಿನದ ಮರಿಯೊಂದನ್ನೂ ಒಂದಾದ ಮೇಲೆ ಒಂದರಂತೆ ಮೈಕ್ರೋಸ್ಕೋಪಿನಡಿ ಇಟ್ಟಳು. ನೋಡಿದಳು, ಮತ್ತೆ ಬದಲಾಯಿಸಿ ನೋಡಿದಳು. ಹೊರಗೆ ಊಟದ ಗಂಟೆ ಬಾರಿಸಿದ್ದು ಅವಳ ಕಿವಿಗೇ ಬೀಳಲಿಲ್ಲ.

ಸ್ಟರ್ಜನ್ ಮರಿ ಹುಟ್ಟುವಾಗ ಅದಕ್ಕೆ ಬಾಯಿಯೂ ತೆರೆದಿರುವುದಿಲ್ಲ, ಹೊಟ್ಟೆ ಎನ್ನುವಂಥದ್ದೂ ಇರುವುದಿಲ್ಲ. ಎದೆಯ ಕೆಳಗೆ ಮೊಟ್ಟೆಯ ಹಳದಿ ತುಂಬಿದ ದಪ್ಪ ಚೀಲ, ತಾಯಿ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿಯನ್ನು ಕರಗಿಸಿಕೊಂಡೇ ಮರಿ ಬೆಳೆಯುತ್ತದೆ. ಬುತ್ತಿ ಬರಿದಾಗುತ್ತ ಬಂದಂತೆ ಚೀಲದ ಗೋಡೆಯೇ ಜಠರವಾಗಿ ಮಾರ್ಪಡುತ್ತದೆ. ಒಳಗಿನ ಕೆಲಸ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ. ಮೊದಲು ಬಾಲದ ಕಡೆಯ ಸುರುಳಿ ಕರುಳು, ಒಳಗೆ ತಿರುಪಿನ ಮೆಟ್ಟಿಲಿನಂತೆ ಮಡಿಕೆಗಳು. ಆಮೇಲೆ ನಡುಗರುಳು. ಕಟ್ಟಕಡೆಗೆ ಜಠರದ ಗೋಡೆಯಲ್ಲಿ ರಸ ಸುರಿಸುವ ಗ್ರಂಥಿಗಳು. ಇದೆಲ್ಲ ಮುಗಿಯುವವರೆಗೆ ಸುರುಳಿ ಕರುಳಿನ ಕೊನೆಯಲ್ಲಿ ಶೀಶೆಗೆ ಹಾಕಿದಂತೆ ಒಂದು ಕಪ್ಪು ಬಿರಡೆ ಕೂತಿರುತ್ತದೆ.

ಹಳೆಯ ಮರಿಯಲ್ಲಿ ಹಳದಿ ಹೆಚ್ಚುಕಡಿಮೆ ಮುಗಿದಿತ್ತು. ಜಠರದ ಗೋಡೆಯ ತುಂಬ ಗ್ರಂಥಿಗಳು ಒತ್ತೊತ್ತಾಗಿ ನಿಂತಿದ್ದವು. ಬಿರಡೆ ಇರಲಿಲ್ಲ, ಕರುಳು ಖಾಲಿ. ಹೋದ ವರ್ಷದ ಮರಿಯಲ್ಲಿ ಬುತ್ತಿ ಅರ್ಧದಷ್ಟು ಹಾಗೆಯೇ ಇತ್ತು. ಗ್ರಂಥಿಯ ಸುಳಿವಿರಲಿಲ್ಲ. ಬಿರಡೆ ಭದ್ರವಾಗಿ ಕೂತಿತ್ತು.

ಎರಡಕ್ಕೂ ಒಂದೇ ವಯಸ್ಸು. ಆದರೆ ಒಂದು ಊಟಕ್ಕೆ ಕೂತಿದೆ, ಇನ್ನೊಂದರ ಮನೆಯಲ್ಲಿ ಇನ್ನೂ ಒಲೆಯನ್ನೇ ಹೂಡಿಲ್ಲ.

ಯಾಕೆ ಹೀಗೆ ಎಂಬುದಕ್ಕೆ ಅವಳು ಬಹಳ ಹುಡುಕಬೇಕಾಗಲಿಲ್ಲ. ಮೂರೂವರೆ ವರ್ಷದ ಹಿಂದೆ ಹೊಳೆಯ ನೀರು ಕೆಟ್ಟಿತೆಂದು ಕೇಂದ್ರಕ್ಕೆ ಆಳದ ಕೊಳವೆಬಾವಿಯ ನೀರು ಹಾಯಿಸಿದ್ದರು. ಹೊಳೆ ನೀರು ಹದಿನೆಂಟು ಡಿಗ್ರಿ ಇರುತ್ತಿತ್ತು, ಬಾವಿಯದು ಹದಿನಾಲ್ಕು. ಶುದ್ಧ ನೀರು ಬಂತೆಂದು ಎಲ್ಲರೂ ಹಿಗ್ಗಿದ್ದರು. ತಣ್ಣನೆಯ ನೀರಿನಲ್ಲಿ ಮರಿಯ ಹೊಟ್ಟೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆಂದು ಯಾರಿಗೂ ಹೊಳೆಯಲಿಲ್ಲ. ತಿನ್ನಲಾರದ ಮರಿಗಳ ಮುಂದೆ ಸುರಿದ ಮೇವು ತಳ ಸೇರಿ ಕೊಳೆತು, ಆ ಕೊಳೆ ಮರಿಗಳನ್ನೇ ತಿಂದುಹಾಕಿತ್ತು.

ಸಂಜೆಯ ಬಸ್ಸಿನಲ್ಲಿಯೇ ಅವಳು ಅತ್ತಿಗೆಗೆ ಇದನ್ನು ಹೇಳಿದಳು. ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ದೋಷ ನಿಮ್ಮ ಕೈಯದಲ್ಲ, ನೀರಿನದು ಎಂದಲ್ಲವೇ ತಾನು ಹೇಳುತ್ತಿರುವುದು? ಅತ್ತಿಗೆಯ ಕಿವಿಗೆ ಬಿದ್ದದ್ದೇ ಬೇರೆ.

“ಅಂದ್ರೆ ಮೂರು ವರ್ಷ ನಾನೇ ಮೇವು ಹಾಕಿ ಹಾಕಿ ಸಾಯಿಸಿದೆ ಅಂತ.”

“ನಾನು ಹಾಗೆಲ್ಲಿ ಅಂದೆ, ಅತ್ತಿಗೆ?”

“ಬಾಯಲ್ಲಿ ಅನ್ನಲಿಲ್ಲ ಅಷ್ಟೇ. ನೋಡು, ನೀನು ಇನ್ನೂ ಬಂದಿರಲಿಲ್ಲ ಆಗ. ಒಂದು ವರ್ಷ ಹೀಗೇ ಯಾರೋ ಓದಿದವರು ತಡಿ ತಡಿ ಅಂತ ತಡೆದರು. ಹಸಿದ ಮರಿಗಳು ಒಂದರ ಬಾಲ ಒಂದು ಕಚ್ಚಿ, ಆಮೇಲೆ ಮೇವು ಕೊಟ್ರೂ ಬಾಯಿ ತೆರೀಲಿಲ್ಲ. ಒಂದು ಸಲ ಹೊತ್ತು ಮೀರಿದ್ರೆ ಅವು ತಿನ್ನೋದನ್ನೇ ಮರೀತವೆ. ಎರಡು ಕೈಯಲ್ಲೂ ಬಾಚಿ ಎಸೆದಿದ್ದೀನಿ ನಾನು. ಆವತ್ತು ಇಟ್ಟುಕೊಂಡ ಲೆಕ್ಕ ಈ ಒಂಬತ್ತು.”

ಅತ್ತಿಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೇಗ ಕೊಟ್ಟರೂ ಸಾವು, ತಡವಾದರೂ ಸಾವು. ಆದರೂ ಗಾಜಿನ ಮೇಲೆ ತಾನು ಕಂಡದ್ದೂ ಸುಳ್ಳಲ್ಲವಲ್ಲ. ಮರುದಿನ ಚಕ್ಕೆಯಮ್ಮ ನೇರ ಮ್ಯಾನೇಜರ ಕೋಣೆಗೆ ಹೋಗಿ ನಿಂತಳು.

“ನಾಲ್ಕು ತೊಟ್ಟಿಯಲ್ಲಿ ನನಗೆ ಒಂದು ಕೊಡಿ ಸಾರ್. ನಾನು ಹೇಳೋವರೆಗೂ ಅದಕ್ಕೆ ಮೇವು ಬೀಳಬಾರದು.”

“ಉಳಿದ ಮೂರು?”

“ಅವು ಅತ್ತಿಗೆ ಹೇಳಿದ ಹಾಗೆ.”

ಮ್ಯಾನೇಜರು ತಲೆ ಕೆರೆದುಕೊಂಡರು. ಕಳೆದುಕೊಳ್ಳುವುದಕ್ಕೆ ಅವರ ಹತ್ತಿರವೂ ಏನೂ ಉಳಿದಿರಲಿಲ್ಲ. ಆಯಿತು ಎಂದರು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಅತ್ತಿಗೆ ಡ್ರೈವರ ಹಿಂದಿನ ಒಂಟಿ ಸೀಟಿನಲ್ಲಿ ಕೂತಿದ್ದರು. ಅವತ್ತಿನಿಂದ ಮಾತು ನಿಂತಿತು. ಮನೆಯಲ್ಲಿ ಗಂಡನ ಪಾಡು ಯಾರಿಗೂ ಬೇಡ. ಅಕ್ಕ ಮಹಡಿಗೆ ಕರೆದು ತಟ್ಟೆ ಇಡುವಳು, ಇಳಿದು ಬಂದರೆ ಹೆಂಡತಿ ತಟ್ಟೆ ಇಟ್ಟುಕೊಂಡು ಕಾದಿರುವಳು. ಯಾರನ್ನೂ ನೋಯಿಸಲಾರದೆ ಎರಡೂ ಕಡೆ ಉಣ್ಣುತ್ತಿದ್ದ. ಒಂದು ವಾರವಾದ ಮೇಲೆ ಬೆಲ್ಟನ್ನು ಒಂದು ತೂತು ಹಿಂದಕ್ಕೆ ಸರಿಸುತ್ತ ಹೇಳಿದ: “ನಿಮ್ಮ ಮೀನು ಉಳೀತವೋ ಇಲ್ವೋ ಕಾಣೆ, ನಾನಂತೂ ಹೊಟ್ಟೆ ಒಡೆದು ಸಾಯ್ತೀನಿ.” ಚಕ್ಕೆಯಮ್ಮನಿಗೆ ನಗು ಬಂತು. ಆದರೆ ತೊಟ್ಟಿಯ ಮಾತಿನಲ್ಲಿ ಒಂದಿಂಚೂ ಕದಲಲಿಲ್ಲ.

ತಾಯಿಮೀನು ಮೊಟ್ಟೆ ಕೊಟ್ಟಿತು, ಮೊಟ್ಟೆ ಒಡೆದವು. ತೊಟ್ಟಿಗೆ ಮೂರು ಸಾವಿರದಷ್ಟು ಮರಿ, ಗೊದಮೊಟ್ಟೆಗಳ ಹಾಗೆ. ಮೊದಲ ದಿನಗಳಲ್ಲಿ ಮೇಲೆ ಕೆಳಗೆ ಕುಪ್ಪಳಿಸಿದವು. ಆಮೇಲೆ ಕತ್ತಲೆಯ ಮೂಲೆ ಹಿಡಿದು ಒಂದರ ಮೇಲೊಂದು ಗುಂಪುಗಟ್ಟಿ ಬಾಲ ಅಲ್ಲಾಡಿಸುತ್ತ ನಿಂತವು. ಒಂಬತ್ತನೆಯ ದಿನ ಅತ್ತಿಗೆ ಮೂರು ತೊಟ್ಟಿಗಳಿಗೆ ಮೇವು ಬಿಟ್ಟರು. ನಾಲ್ಕನೆಯದರ ಮುಂದೆ ಬಂದು ಕೈಯಲ್ಲಿ ಮಗ್ಗು ಹಿಡಿದುಕೊಂಡೇ ಒಂದು ಗಳಿಗೆ ನಿಂತರು. ಚಕ್ಕೆಯಮ್ಮ ತೊಟ್ಟಿಯ ಅಂಚಿಗೆ ಎರಡೂ ಕೈ ಊರಿ ನಿಂತಿದ್ದಳು. ಅತ್ತಿಗೆ ಮುಖ ತಿರುಗಿಸಿಕೊಂಡು ಹೋದರು.

ಹಟ ಹಿಡಿಯುವುದು ಸುಲಭ, ಹಿಡಿದ ಹಟವನ್ನು ದಿನದಿನವೂ ಹೊತ್ತು ತಿರುಗುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ತಿಳಿಯಿತು. ಒಂದು ಮರಿಯನ್ನು ದ್ರಾವಣದಲ್ಲಿ ನೆನೆಸಿ, ಮೇಣ ಹೊಯ್ದು, ಕೊಯ್ದು, ಬಣ್ಣ ಕಟ್ಟುವಷ್ಟರಲ್ಲಿ ನಾಲ್ಕು ದಿನ ಹಿಡಿಯುತ್ತಿತ್ತು. ಇವತ್ತು ಗಾಜಿನ ಮೇಲೆ ಕಾಣುವುದು ನಾಲ್ಕು ದಿನದ ಹಿಂದಿನ ಹೊಟ್ಟೆ. ಹನ್ನೊಂದನೆಯ ದಿನ ಅವಳು ಏಳನೆಯ ದಿನದ ಮರಿ ನೋಡುತ್ತಿದ್ದಳು. ಅದರಲ್ಲಿ ಸುರುಳಿ ಕರುಳು ಮೂಡಿತ್ತು, ಜಠರ ಇನ್ನೂ ಹಳದಿಯ ಗಡ್ಡೆ. ಸರಿ, ಆದರೆ ಈಗ, ಈ ಹೊತ್ತು, ತೊಟ್ಟಿಯಲ್ಲಿ ಓಡಾಡುತ್ತಿರುವವುಗಳ ಹೊಟ್ಟೆ ಹೇಗಿದೆ? ಕೈಮಸೂರದಲ್ಲಿ ನೋಡಿದರೆ ಪಾರದರ್ಶಕವಾದ ಮೈಯೊಳಗೆ ಬಾಲದ ಬುಡದಲ್ಲಿ ಬಿರಡೆ ಮಸಿಯ ಚುಕ್ಕೆಯಂತೆ ಕಾಣುತ್ತಿತ್ತು. ಅದು ಇರುವವರೆಗೆ ಕಾಯಬೇಕೆಂದು ಗೊತ್ತಿತ್ತು. ಆದರೆ ಮೂರು ಸಾವಿರ ಮರಿಗಳಲ್ಲಿ ದಿನಕ್ಕೆ ಎಷ್ಟನ್ನು ಹಿಡಿದು ನೋಡಲಾದೀತು? ಹತ್ತಿಪ್ಪತ್ತು ನೋಡುವಷ್ಟರಲ್ಲಿ ಕಣ್ಣು ಮಂಜಾಗುತ್ತಿತ್ತು.

ಹನ್ನೆರಡನೆಯ ದಿನ ಅತ್ತಿಗೆಯ ತೊಟ್ಟಿಗಳಲ್ಲಿ ಬಿಳಿ ಬೂಸ್ಟು ಕಾಣಿಸಿತು. ಹದಿಮೂರರಂದು ಅತ್ತಿಗೆ ಬಕೆಟ್ಟು ಹಿಡಿದು ಸತ್ತವನ್ನು ಎತ್ತತೊಡಗಿದರು. ಅವತ್ತೇ ಮಧ್ಯಾಹ್ನ ನಾಲ್ಕನೆಯ ತೊಟ್ಟಿಯಲ್ಲೂ ಗುಂಪು ಸಡಿಲವಾಯಿತು. ಕೆಲವು ಮರಿಗಳು ಮೂಲೆ ಬಿಟ್ಟು ತಳದ ಮೇಲೆ ಮೂತಿ ಉಜ್ಜುತ್ತ ಅಲೆದಾಡಿದವು. ಒಂದೆರಡರ ಬಾಲದ ತುದಿ ಹರಿದಿತ್ತು.

ಚಕ್ಕೆಯಮ್ಮ ಕೈಮಸೂರ ಎತ್ತಿಕೊಂಡಳು. ಹಸಿವೇ? ಹೊತ್ತು ಮೀರುತ್ತಿದೆಯೇ? ಹನ್ನೆರಡು ಮರಿ ಹಿಡಿದು ನೋಡಿದಳು. ಹತ್ತರಲ್ಲಿ ಬಿರಡೆ ಇತ್ತು, ಎರಡರಲ್ಲಿ ಇರಲಿಲ್ಲ. ಹತ್ತನ್ನು ನಂಬುವುದೋ ಎರಡನ್ನೋ? ಪುಸ್ತಕವನ್ನೂ ಗಾಜಿನ ಪಟ್ಟಿಯನ್ನೂ ಎಷ್ಟು ತಿರುವಿದರೂ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ. ಉತ್ತರ ಇದ್ದರೆ ಒಂದೇ ಕಡೆ ಇತ್ತು, ಮರಿಗಳು ಉಳಿಯುತ್ತಿದ್ದ ಕಾಲದಲ್ಲಿ ಹತ್ತೊಂಬತ್ತು ವರ್ಷ ಈ ತೊಟ್ಟಿಗಳನ್ನು ನೋಡಿದ ಕಣ್ಣುಗಳಲ್ಲಿ. ಆ ಕಣ್ಣುಗಳ ಯಜಮಾನಿ ಹಿತ್ತಲ ನಲ್ಲಿಯ ಹತ್ತಿರ ಬೆನ್ನು ಹಾಕಿ ಕೂತು ರಬ್ಬರ್ ಕೊಳವೆ ತೊಳೆಯುತ್ತಿದ್ದರು.

ಚಕ್ಕೆಯಮ್ಮ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

“ಅತ್ತಿಗೆ, ಒಂದು ಮಾತು ಕೇಳಬೇಕು.”

ಕೊಳವೆಯೊಳಗೆ ಬ್ರಷ್ಷು ಜೋರಾಗಿ ಓಡಾಡಿತು.

“ನನಗೆ ತಿಳೀತಿಲ್ಲ. ನಿಜವಾಗಿಯೂ ತಿಳೀತಿಲ್ಲ. ಹೊಳೆ ನೀರಿನ ಕಾಲದಲ್ಲಿ, ಮೇವು ಹಾಕೋ ಹಿಂದಿನ ದಿನ, ಅದರ ಹಿಂದಿನ ದಿನ, ತೊಟ್ಟಿ ಹೇಗಿರ್ತಿತ್ತು? ಏನು ಕಾಣ್ತಿತ್ತು ನಿಮಗೆ?”

“ನನ್ನನ್ನ ಯಾಕೆ ಕೇಳ್ತೀಯ? ನಿನ್ನ ಗಾಜು ಹೇಳಲ್ವಾ?”

“ಗಾಜು ನಾಲ್ಕು ದಿನ ಹಿಂದೆ ಇದೆ. ನಿಮ್ಮಷ್ಟು ನೋಡಿದವರು ಇಲ್ಲಿ ಇನ್ನ್ಯಾರಿದ್ದಾರೆ?”

ಬ್ರಷ್ಷು ನಿಂತಿತು. ಬಕೆಟ್ಟಿನಲ್ಲಿ ಆ ದಿನ ಎತ್ತಿದ ಮರಿಗಳು ಬೆಳ್ಳಗೆ ತೇಲುತ್ತಿದ್ದವು.

“ಇನ್ನೇನು ಕಾಣುತ್ತೆ, ಮರಿ ಕಾಣ್ತಿತ್ತು,” ಎಂದರು ಗಡುಸಾಗಿ. ಆಮೇಲೆ, ಯೋಚಿಸಿಕೊಂಡು, “ಗುಂಪು ಬಿಟ್ಟು ಚೆದುರುತ್ತಿದ್ವು. ಚೆದುರಿದ ತಕ್ಷಣ ಹಾಕ್ತಿರಲಿಲ್ಲ. ಮೊದಲು ತಳ ಗುಡಿಸಬೇಕಿತ್ತು, ಗಲೀಜಾಗಿರ್ತಿತ್ತು.”

“ಏನು ಗಲೀಜು?”

“ಕಪ್ಪು ಪುಡಿ. ಪೆನ್ಸಿಲ್ ಹೆರೆದಾಗ ಉದುರುತ್ತಲ್ಲ, ಹಾಗೆ. ಒಂದೇ ಸಮ ತಳದ ತುಂಬ. ಫಿಲ್ಟರಿನಿಂದ ಬರ್ತಿದೆ ಅಂತ ಪಂಪಿನವನಿಗೆ ಪ್ರತಿ ವರ್ಷ ಬೈದಿದ್ದೀನಿ. ಕೊಳವೆ ಹಾಕಿ ಹೀರಿ ತೆಗೆದು, ತೊಟ್ಟಿ ಚೊಕ್ಕ ಮಾಡಿ, ಆಮೇಲೇ ಮೇವು. ಬಾವಿ ನೀರು ಬಂದ ಮೇಲೆ ಆ ಕಪ್ಪು...”

ಅತ್ತಿಗೆ ಅಲ್ಲಿಗೇ ನಿಲ್ಲಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬಾವಿ ನೀರು ಬಂದ ಮೇಲೆ ಮೇವು ಹಾಕೋ ಮುಂಚೆ ಅದು ಕಂಡೇ ಇಲ್ಲ,” ಎಂದರು ಅತ್ತಿಗೆ ನಿಧಾನವಾಗಿ. “ಶುದ್ಧ ನೀರು, ಅದಕ್ಕೇ ಕಪ್ಪಿಲ್ಲ ಅಂದುಕೊಂಡಿದ್ದೆ.”

ಚಕ್ಕೆಯಮ್ಮ ಅವರ ಒದ್ದೆ ಕೈ ಹಿಡಿದು ಎಬ್ಬಿಸಿ ತನ್ನ ಕೋಣೆಗೆ ಕರೆದೊಯ್ದಳು. ಒಂದು ಜೀವಂತ ಮರಿಯನ್ನು ಹನಿ ನೀರಿನಲ್ಲಿ ಇಟ್ಟು ಮೈಕ್ರೋಸ್ಕೋಪು ಸರಿಮಾಡಿ ಕೊಟ್ಟಳು. ಹನ್ನೊಂದು ವರ್ಷದಲ್ಲಿ ಅತ್ತಿಗೆ ಆ ಕೋಣೆಗೆ ಬಂದದ್ದು ಬಾಗಿಲವರೆಗೆ ಮಾತ್ರ. ಈಗ ಬೂಟಿನ ನೀರು ನೆಲದ ಮೇಲೆಲ್ಲ ತೊಟ್ಟಿಕ್ಕುತ್ತಿರಲು, ಒಂದು ಕಣ್ಣು ಮುಚ್ಚಿ, ಬಾಯಿ ಓರೆ ಮಾಡಿಕೊಂಡು ನೋಡಿದರು.

“ಆ ಕಪ್ಪಗಿರೋದಾ?”

“ಅದೇ ಬಿರಡೆ. ಹೊಟ್ಟೆ ತಯಾರಾದ ಮೇಲೆ ಮರಿ ಅದನ್ನ ಹೊರಗೆ ತಳ್ಳುತ್ತೆ. ನೀವು ಪೆನ್ಸಿಲ್ ಪುಡಿ ಅಂದಿರಲ್ಲ, ಅದು ಇದು.”

ಅತ್ತಿಗೆ ಕಣ್ಣು ತೆಗೆಯಲಿಲ್ಲ. “ಪಾಪ, ಪಂಪಿನವನು,” ಎಂದರು. ಮತ್ತೆ ತಲೆಯೆತ್ತಿದಾಗ ಮುಖದಲ್ಲಿ ವಾರಗಳಿಂದ ಕಾಣದಿದ್ದ ಗತ್ತು ಬಂದಿತ್ತು. “ಸರಿ, ಏಳು. ಮಿಕ್ಕ ಮೂರು ತೊಟ್ಟಿಯಲ್ಲಿ ಇನ್ನೂ ಜೀವ ಇರೋವು ಇದ್ದಾವೆ. ಮೊದಲು ಆ ಕೊಳೆ ತೆಗೀಬೇಕು.”

ಆ ಮಧ್ಯಾಹ್ನ ಇಬ್ಬರೂ ಸೊಂಟ ನೆಟ್ಟಗೆ ಮಾಡಲಿಲ್ಲ. ಮೂರು ತೊಟ್ಟಿಗಳ ಮೇವು ನಿಲ್ಲಿಸಿ, ತಳವನ್ನೆಲ್ಲ ಹೀರಿ, ಬೂಸ್ಟು ಹಿಡಿದ ಮರಿಗಳನ್ನು ಹೆಕ್ಕಿ ತೆಗೆದು, ನೀರು ಹೊಸದಾಗಿ ಹಾಯಿಸಿದರು. ಪ್ರತಿ ತೊಟ್ಟಿಯ ತಳಕ್ಕೂ ಒಂದೊಂದು ಬಿಳಿ ಪ್ಲಾಸ್ಟಿಕ್ ತಟ್ಟೆ ಇಳಿಬಿಟ್ಟದ್ದು ಅತ್ತಿಗೆಯ ಯೋಚನೆ. ಕಪ್ಪು ಬಿದ್ದರೆ ಬಿಳಿಯ ಮೇಲೆ ತಟ್ಟನೆ ಕಾಣಲಿ ಎಂದು. ಬಸ್ಸು ಹತ್ತಿದಾಗ ಎಂದಿನ ಸೀಟಿನಲ್ಲಿಯೇ ಕೂತರು, ಕಿಟಕಿಯ ಪಕ್ಕ ಅತ್ತಿಗೆ, ಈಚೆಗೆ ಅವಳು. ಅವತ್ತು ಗಂಡನಿಗೆ ಒಂದೇ ಊಟ ಸಿಕ್ಕಿತು. ಅವನು ಏನೂ ಕೇಳದೆ ಉಂಡು ಎದ್ದ.

ಹದಿನಾಲ್ಕನೆಯ ದಿನ ನಾಲ್ಕನೆಯ ತೊಟ್ಟಿಯ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಬಾಲ ಹರಿದ ಮರಿಗಳು ಹೆಚ್ಚಾಗಿದ್ದವು. ಮ್ಯಾನೇಜರು ಬಂದು ನೋಡಿ, “ಹಾಕಿಬಿಡಿ ಇವತ್ತೇ, ಯಾಕೆ ಸುಮ್ಮನೆ ಜೂಜು,” ಎಂದರು.

“ಇನ್ನೊಂದು ದಿನ ಸಾರ್,” ಎಂದಳು ಚಕ್ಕೆಯಮ್ಮ.

ಅವರು ತೊಟ್ಟಿಯಕ್ಕನ ಕಡೆ ತಿರುಗಿದರು, ಅಲ್ಲಾದರೂ ಬುದ್ಧಿ ಇದ್ದೀತು ಎಂಬಂತೆ.

“ನನ್ನ ಮುಖ ಏನು ನೋಡ್ತೀರಿ? ಅವಳು ಹೇಳಿದ್ದು ಕೇಳಿಸಲಿಲ್ವಾ?” ಎಂದರು ಅತ್ತಿಗೆ.

ಹದಿನೈದರ ಬೆಳಿಗ್ಗೆ ಇಬ್ಬರೂ ಬಟ್ಟೆ ಕೂಡ ಬದಲಾಯಿಸದೆ ನೇರ ಮರಿಕೋಣೆಗೆ ಹೋದರು. ಅತ್ತಿಗೆ ತೋಳು ಮಡಚಿ ತಟ್ಟೆಯನ್ನು ಮೆಲ್ಲನೆ ಮೇಲಕ್ಕೆತ್ತಿದರು. ಬಿಳಿ ತಟ್ಟೆ ಮಸಿ ಎರಚಿದಂತಾಗಿತ್ತು. ಚಕ್ಕೆಯಮ್ಮ ಇಪ್ಪತ್ತು ಮರಿ ಹಿಡಿದು ನೋಡಿದಳು. ಹದಿನೇಳರಲ್ಲಿ ಬಿರಡೆ ಇರಲಿಲ್ಲ.

“ಹಾಕಿ, ಅತ್ತಿಗೆ.”

“ನೀನೇ ಹಾಕು. ನಿನ್ನ ತೊಟ್ಟಿ.”

“ನನ್ನ ಕೈಗೆ ಅಭ್ಯಾಸ ಇಲ್ಲ. ಒಂದೇ ಕಡೆ ಸುರಿದುಬಿಡ್ತೀನಿ. ನೀವೇ ಹಾಕಿ.”

ಅತ್ತಿಗೆ ಮಗ್ಗನ್ನು ನೀರಿನ ಮಟ್ಟಕ್ಕೆ ತಂದು, ಬೆರಳುಗಳ ಸಂದಿಯಿಂದ ಮೇವನ್ನು ತೆಳ್ಳಗೆ ಹರಿಯಬಿಡುತ್ತ ತೊಟ್ಟಿಯನ್ನು ಸುತ್ತಿದರು. ಮರಿಗಳು ಮೊದಲು ಕದಲಲಿಲ್ಲ. ಮೂತಿಯ ಮೀಸೆಗಳು ತಳವನ್ನು ತಡಕಿದವು. ಆಮೇಲೆ ಒಂದು ಬಾಯಿ ಚಾಚಿತು, ಪಕ್ಕದ್ದು ಚಾಚಿತು. ಅರ್ಧ ಗಂಟೆಯ ಮೇಲೆ ಕೈಮಸೂರದಡಿ ಹಿಡಿದ ಮರಿಯ ಹೊಟ್ಟೆ ಕೆಂಪಗೆ ದುಂಡಾಗಿತ್ತು. ಚಕ್ಕೆಯಮ್ಮ ಅದನ್ನು ಅತ್ತಿಗೆಗೆ ತೋರಿಸಿದಳು. ಅತ್ತಿಗೆ ನೋಡಿ, ಬೂಟುಗಾಲಿನಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು.

ಎಲ್ಲವೂ ಉಳಿದವೆಂದರೆ ಸುಳ್ಳಾಗುತ್ತದೆ. ಬಾಲ ಕಚ್ಚಿಸಿಕೊಂಡವು ನೂರಾರು ಸತ್ತವು. ಬಿರಡೆ ಮೊದಲೇ ಕಳಚಿದ್ದ ಮರಿಗಳಿಗೆ ಒಂದು ದಿನ ತಡವಾಯಿತೇನೋ ಎಂಬ ಸಂಶಯ ಚಕ್ಕೆಯಮ್ಮನಿಗೆ ಕೊನೆಯವರೆಗೂ ಹೋಗಲಿಲ್ಲ. ಮುಂದಿನ ಸಲ ಅರ್ಧದಷ್ಟು ಮರಿಗಳ ಬಿರಡೆ ಕಳಚಿದೊಡನೆಯೇ ಮೇವು ಶುರುಮಾಡಬೇಕೆಂದು ಬರೆದಿಟ್ಟುಕೊಂಡಳು. ಆದರೂ ನಾಲ್ಕನೆಯ ತೊಟ್ಟಿಯಲ್ಲಿ ಎರಡು ಸಾವಿರಕ್ಕೆ ಮಿಕ್ಕಿ ಬೆಳೆದವು. ಕೊಳೆ ತೆಗೆದು ಕಾದು ಮೇವು ಕೊಟ್ಟ ಮೂರು ತೊಟ್ಟಿಗಳಿಂದ ಎಲ್ಲ ಸೇರಿ ಏಳುನೂರು. ಮ್ಯಾನೇಜರು ಖುಷಿಯಾಗಿ ಗೋಡೆಯ ಮೇಲೆ ‘ಹದಿನೈದನೆಯ ದಿನ ಮೇವು’ ಎಂದು ಬರೆಸಲು ಹೊರಟರು. ಇಬ್ಬರೂ ಒಟ್ಟಿಗೇ ಬೇಡವೆಂದರು. ನೀರು ಬದಲಾದರೆ ದಿನವೂ ಬದಲಾಗುತ್ತದೆ, ಅಂಕಿ ಬರೆದರೆ ಮತ್ತೆ ಅದಕ್ಕೇ ಜೋತುಬೀಳುತ್ತೇವೆ ಎಂದರು ಅತ್ತಿಗೆ. ಕೊನೆಗೆ ಬಿಳಿ ತಟ್ಟೆಯನ್ನು ಪ್ರತಿ ತೊಟ್ಟಿಗೂ ಕಡ್ಡಾಯ ಮಾಡಿದರು.

ಮೂರು ವಾರ ಕಳೆದವು. ಬೆರಳುದ್ದ ಆಗುತ್ತಿದ್ದ ಮರಿಗಳನ್ನು ದೊಡ್ಡ ಕೊಳಕ್ಕೆ ಬಿಡುವ ಮುಂಚೆ ಒಳಗೆಲ್ಲ ಸರಿಯಾಗಿ ಕಟ್ಟಿಕೊಂಡಿದೆಯೇ ಎಂದು ಕೊಯ್ದು ನೋಡಬೇಕಿತ್ತು. ಚಕ್ಕೆಯಮ್ಮ ಲೋಟ ಹಿಡಿದು ಮರಿಕೋಣೆಗೆ ಬಂದಳು.

“ಹದಿನೈದು ಬೇಕು ಅತ್ತಿಗೆ.”

“ಇಷ್ಟು ಪಾಡುಪಟ್ಟು ಉಳಿಸಿದ್ದು ನಿನ್ನ ಚೂರಿಗೆ ಕೊಡೋಕಾ? ಐದು ತಗೋ.”

“ಐದರಲ್ಲಿ ಏನೂ ಗೊತ್ತಾಗಲ್ಲ. ಒಂದು ಕೆಟ್ಟಿದ್ರೆ ಎಲ್ಲಾ ಕೆಟ್ಟಿವೆ ಅನ್ನಿಸುತ್ತೆ.”

“ಹತ್ತು. ಹತ್ತು ಅಂದ್ರೆ ಹತ್ತೇ.”

ಅತ್ತಿಗೆ ಬಲೆ ಹಾಕಿ ಒಂದೊಂದನ್ನೇ ಎತ್ತಿದರು. ಚುರುಕಾದದ್ದು ಬಂದರೆ ಹಿಂದಕ್ಕೆ ಬಿಡಲು ನೋಡುತ್ತಿದ್ದರು. ಹಾಗೆ ಆರಿಸಬಾರದು, ಸಿಕ್ಕಿದ್ದೇ ಬೇಕು ಎಂದು ಚಕ್ಕೆಯಮ್ಮ ಅಂದಾಗ ಗೊಣಗಿಕೊಂಡು ಲೋಟಕ್ಕೆ ಹಾಕಿದರು. ಹತ್ತು ಆದವು. ಲೋಟವನ್ನು ಅವಳ ಕೈಗೆ ಕೊಡಲಿಲ್ಲ. ಬೂಟು ಕಳಚಿ ಬದಿಗಿಟ್ಟು, ಕೈ ಒರೆಸಿಕೊಂಡು, ತಾವೇ ಹಿಡಿದುಕೊಂಡು ಕಟ್ಟಡದ ಆ ತುದಿಯ ಕೋಣೆಗೆ ನಡೆದರು.

“ಗ್ರಂಥಿ ಅಂತೀಯಲ್ಲ,” ಎಂದರು ಕುರ್ಚಿ ಎಳೆದುಕೊಳ್ಳುತ್ತ, “ಅದು ಯಾವುದು ಅಂತ ಇವತ್ತು ತೋರಿಸು.”